ಬಂಡಿಯೇರಿದ ಒರಳು

ನಮ್ಮ ಹಳ್ಳಿಮನೆಗಳಲ್ಲಿ ಒರಳನ್ನು ಗಟ್ಟಿ ನೆಲದಲ್ಲಿ ಹೂತಿಡುವುದು ವಾಡಿಕೆ. ಅದನ್ನೇ ಅಟ್ಟದ ಮೇಲಿಟ್ಟು ಒನಕೆಯಿಂದ ಕುಟ್ಟಿದರೆ ಭತ್ತಕ್ಕಿಂತ ಮೊದಲು ಅಟ್ಟದ ಹಲಗೆಯೇ ಪುಡಿಯಾದೀತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಲವು ದೇಶಗಳ ಸೇನಾ ಎಂಜಿನಿಯರರನ್ನು ಕಾಡಿದ್ದು ಹೆಚ್ಚುಕಡಿಮೆ ಇದೇ ಸಮಸ್ಯೆ. ಅವರು ಓಡುವ ಬಂಡಿಯ ಮೇಲೆ ಒರಳನ್ನು ಏರಿಸಲು ಹೊರಟಿದ್ದರು. ಆ ಒರಳು ಎಂದರೆ ಮಾರ್ಟರ್ ಎಂಬ ಗಿಡ್ಡ ತೋಪು. ಇಂಗ್ಲಿಷಿನಲ್ಲಿ ಕುಟ್ಟುವ ಒರಳಿಗೂ ಈ ತೋಪಿಗೂ ಒಂದೇ ಹೆಸರು.

ಇಂದಿನ ಮಾರ್ಟರುಗಳಿಗೆ ಮೂಲ 1915ರಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಸ್ಟೋಕ್ಸ್ ರೂಪಿಸಿದ ಮಾದರಿ. ಒಂದು ಕೊಳವೆ, ಅದಕ್ಕೆ ಆಸರೆಯಾಗಿ ಎರಡು ಕಾಲು, ಕೆಳಗೊಂದು ಉಕ್ಕಿನ ತಳಹಲಗೆ. ಗುಂಡನ್ನು ಕೊಳವೆಯ ಬಾಯಿಂದ ಒಳಕ್ಕೆ ಜಾರಿಬಿಟ್ಟರೆ ತಳದಲ್ಲಿರುವ ಮೊನೆ ತಾಗಿ ಅದರ ಬಾಲದ ಮದ್ದು ಹೊತ್ತಿಕೊಳ್ಳುತ್ತದೆ. ಗುಂಡು ಮೇಲಕ್ಕೆ ಚಿಮ್ಮಿ, ಕಮಾನಿನಂತೆ ಬಾಗಿ, ಗುಡ್ಡದ ಆಚೆಗೋ ಕಂದಕದ ಒಳಗೋ ಬೀಳುತ್ತದೆ. ದೊಡ್ಡ ಫಿರಂಗಿಯಲ್ಲಿ ಹಿನ್ನೊದೆತವನ್ನು ತಡೆದುಕೊಳ್ಳಲು ಸ್ಪ್ರಿಂಗು, ಎಣ್ಣೆ ತುಂಬಿದ ಕೊಳವೆಗಳ ಏರ್ಪಾಟಿರುತ್ತದೆ. ಈ ಸರಳ ಮಾರ್ಟರಿನಲ್ಲಿ ಅದಿಲ್ಲ. ಒದೆತವೆಲ್ಲ ತಳಹಲಗೆಯ ಮೂಲಕ ನೆಲಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದು ಅಷ್ಟು ಹಗುರ.

ಆ ಯುದ್ಧದಲ್ಲಿ ಬ್ರಿಟಿಷ್ ಮತ್ತು ಭಾರತೀಯ ಪದಾತಿಗಳ ಬಳಿ ಎರಡು ಬಗೆಯ ಮಾರ್ಟರುಗಳು ಮುಖ್ಯವಾಗಿದ್ದವು. 2 ಇಂಚಿನದು ಸುಮಾರು 5 ಕಿಲೋ ತೂಗುತ್ತಿತ್ತು. ಒಂದು ಕಿಲೋ ಗುಂಡನ್ನು ಸುಮಾರು 450 ಮೀಟರ್ ದೂರ ಎಸೆಯುತ್ತಿತ್ತು. 3 ಇಂಚಿನದರ ತೂಕ 50 ಕಿಲೋಗೂ ಹೆಚ್ಚು. ಅದನ್ನು ಮೂರು ಭಾಗ ಮಾಡಿ ಹೊರಬೇಕಿತ್ತು. ಅದರ ಗುಂಡು ನಾಲ್ಕೂವರೆ ಕಿಲೋ. ನೂರು ಗುಂಡೆಂದರೆ ನಾಲ್ಕೂವರೆ ಕ್ವಿಂಟಾಲ್. ಭರದಿಂದ ಹಾರಿಸಿದರೆ ಅವು ಹತ್ತು ನಿಮಿಷಕ್ಕೂ ಸಾಲವು. ಮುಂದಿನ ದಳ ಶತ್ರುವಿನ ಗುಂಡಿಗೆ ಸಿಕ್ಕಿ ನೆಲಕ್ಕೆ ಕವಿದು ಬಿದ್ದಿರುವಾಗ ಈ ಭಾರ ಹೊತ್ತವರು ಹಿಂದೆ ಉಳಿದರೆ ಅದರ ಬೆಲೆಯನ್ನು ಪ್ರಾಣದಲ್ಲೇ ತೆರಬೇಕಾಗುತ್ತಿತ್ತು.

ಹಾಗಾಗಿ ಎಲ್ಲರ ಕಣ್ಣು ಯೂನಿವರ್ಸಲ್ ಕ್ಯಾರಿಯರ್ ಮೇಲೆ ಬಿದ್ದುದು ಸಹಜ. ಸೈನಿಕರ ಬಾಯಲ್ಲಿ ಅದು ಬ್ರೆನ್ ಕ್ಯಾರಿಯರ್. ಬುಲ್ಡೋಜರಿನಂತೆ ಉಕ್ಕಿನ ಪಟ್ಟಿಗಳ ಮೇಲೆ ಉರುಳುವ, ಮೇಲೆ ಮುಚ್ಚಿಗೆಯಿಲ್ಲದ, ಸುಮಾರು 4 ಟನ್ ತೂಕದ ಬಂಡಿ. ಫೋರ್ಡ್ ವಿ-8 ಎಂಜಿನ್ನು, ಗಂಟೆಗೆ ಸುಮಾರು 48 ಕಿಲೋಮೀಟರ್ ವೇಗ. ಬ್ರಿಟನ್, ಕೆನಡಾ, ಆಸ್ಟ್ರೇಲಿಯ ಮೊದಲಾದೆಡೆ 1960ರವರೆಗೆ ಇಂಥ ಸುಮಾರು 1,13,000 ಬಂಡಿಗಳು ತಯಾರಾದವು.

2 ಇಂಚಿನ ಪುಟ್ಟ ಮಾರ್ಟರಿಗೆ ಇದರಲ್ಲಿ ಜಾಗ ದೊರಕಿಸುವುದು ಕಷ್ಟವಾಗಲಿಲ್ಲ. ತೊಡಕು ಬಂದದ್ದು 3 ಇಂಚಿನದರಲ್ಲಿ. ಅದರ ಒದೆತ ತೆಳುವಾದ ತಳದ ತಗಡಿನ ಮೇಲೆ, ಅಲ್ಲಿಂದ ಚಕ್ರಗಳ ಸ್ಪ್ರಿಂಗುಗಳ ಮೇಲೆ ಬೀಳುತ್ತದೆ. ಒಂದೊಂದು ಗುಂಡಿಗೂ ಬಂಡಿ ಕುಲುಕಿದರೆ ಹಿಡಿದ ಗುರಿ ತಪ್ಪುತ್ತದೆ. ಆದುದರಿಂದ ಬ್ರಿಟಿಷರು ಕ್ಯಾರಿಯರನ್ನು ಕೇವಲ ಸಾಗಣೆಗೆ ಬಳಸಿದರು. ಮಾರ್ಟರನ್ನು ಕೆಳಗಿಳಿಸಿ, ನೆಲದಲ್ಲಿ ಊರಿಯೇ ಹಾರಿಸಬೇಕು. ಆಸ್ಟ್ರೇಲಿಯದವರು ಒಂದು ಹೆಜ್ಜೆ ಮುಂದೆ ಹೋಗಿ, ಬಂಡಿಯ ಹಿಂಭಾಗದಲ್ಲಿ ಸುತ್ತಲೂ ತಿರುಗುವಂತೆ ಮಾರ್ಟರನ್ನು ಕೂರಿಸಿದರು. ಬೇಕೆಂದಾಗ ಅದನ್ನು ಕೆಳಗಿಳಿಸಲೂ ಬಹುದಿತ್ತು. ಇಂಥ 400 ಬಂಡಿಗಳು ತಯಾರಾಗಿ ಕೊನೆಗೆ ಚೀನಾದ ರಾಷ್ಟ್ರೀಯವಾದಿ ಸೇನೆಗೆ ನೆರವಾಗಿ ಹೋದವು. ಅಮೆರಿಕದ ಎಂ-4 ಎಂಬ ಅರೆಪಟ್ಟಿಯ ಬಂಡಿಯಲ್ಲೂ ಮೊದಲು ಮಾರ್ಟರನ್ನು ಇಳಿಸಿ ಹಾರಿಸುವುದೇ ಕ್ರಮವಾಗಿತ್ತು. ಒಳಗಿನಿಂದಲೇ ಹಾರಿಸುವ ಸುಧಾರಣೆ ನಂತರ ಬಂತು.

ಈ ಕಥೆಗೆ ಬೆಂಗಳೂರಿನ ಒಂದು ಅಧ್ಯಾಯವೂ ಸೇರಬೇಕು. ಇಂದು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ಹೆಸರಾದ ನಗರಕ್ಕೆ ಆಗ ದಂಡಿನ ಊರೆಂಬ ಖ್ಯಾತಿ. 1942ರ ಮಾರ್ಚಿಯಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿತ್ತು. ದಕ್ಷಿಣದ ಕರಾವಳಿಗೇ ಶತ್ರು ಇಳಿದಾನೆಂಬ ಆತಂಕದಲ್ಲಿ ಅದೇ ಆಗಸ್ಟ್‌ನಲ್ಲಿ 25ನೇ ಭಾರತೀಯ ಡಿವಿಷನ್ ಬೆಂಗಳೂರಿನಲ್ಲಿ ರೂಪುಗೊಂಡಿತು. ಶತ್ರು ಇಲ್ಲಿಗೆ ಬರಲಿಲ್ಲ. 1944ರಲ್ಲಿ ಡಿವಿಷನ್ನೇ ಬರ್ಮಾದ ಅರಾಕಾನಿಗೆ ಹೋಯಿತು. ಅದರ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೆ ಭಾರತೀಯರೇ ನಾಯಕರು: ಥೋರಟ್, ಎಲ್. ಪಿ. ಸೇನ್, ಮತ್ತು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಮುಂದೆ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಇದೇ ತಿಮ್ಮಯ್ಯನವರು.

1945ರ ಜನವರಿಯಲ್ಲಿ ಈ ಬ್ರಿಗೇಡು ಕಾಂಗಾವ್‌ನಲ್ಲಿ ಕಾದಿತು. ಅಲ್ಲಿ ಭರತ ಇಳಿತಗಳ ಹಿನ್ನೀರು, ಕಾಂಡ್ಲಾ ಕಾಡು, ಕೆಸರು, ಅದರಾಚೆ ಕಡಿದಾದ ದಿಬ್ಬಗಳು. ಸೈನ್ಯ ದೋಣಿಗಳಲ್ಲಿ ಬಂದು ಇಳಿಯಬೇಕಿತ್ತು. ಕೆಲವೇ ಶರ್ಮನ್ ಟ್ಯಾಂಕುಗಳನ್ನು ದಡ ಸೇರಿಸಲಾಯಿತು, ಅವು ಬಹಳ ಉಪಯೋಗಕ್ಕೂ ಬಂದವು. ಆದರೆ ಇಂಥ ನೆಲದಲ್ಲಿ ಪಟ್ಟಿಬಂಡಿಯನ್ನೇ ನಂಬಿ ಕೂರುವಂತಿರಲಿಲ್ಲ. ಬಂಡಿ ಹೋಗದ ದಿಬ್ಬಕ್ಕೂ ಹತ್ತಬಲ್ಲ ಮಾರ್ಟರೆಂದರೆ ಬಿಚ್ಚಿ ಹೆಗಲಿಗೇರಿಸಬಹುದಾದದ್ದು. ಮರುಭೂಮಿಯಲ್ಲಿ ಕಾಲಹರಣವೆನಿಸಬಹುದಾದ ಕೆಳಗಿಳಿಸುವ ಪದ್ಧತಿ ಅರಾಕಾನಿನಂಥ ಕಡೆ ಅನಿವಾರ್ಯವೇ ಆಗಿತ್ತು.

ಬಂಡಿಯ ಮೇಲೆ ಒರಳನ್ನು ಕೂರಿಸುವ ಯತ್ನ ಅಲ್ಲಿಗೆ ನಿಲ್ಲಲಿಲ್ಲ. ಮೇದಕ್‌ನಲ್ಲಿ ತಯಾರಾಗುವ ‘ಸಾರಥ್’ ಯುದ್ಧವಾಹನದ ಗೋಪುರವನ್ನು ತೆಗೆದು, ಒಳಗೆ 81 ಮಿಲಿಮೀಟರ್ ಮಾರ್ಟರ್ ಅಳವಡಿಸಿದ ವಾಹನದ ಮೊದಲ ಮಾದರಿ 1997ರಲ್ಲಿ ಸಿದ್ಧವಾಯಿತು. ಛಾವಣಿಯ ಎರಡು ಬಾಗಿಲು ತೆರೆದು ಒಳಗಿನಿಂದಲೇ ಹಾರಿಸಬಹುದು; 108 ಗುಂಡುಗಳನ್ನು ಒಯ್ಯಬಹುದು. ತೆಳು ತಗಡಿನ ಕ್ಯಾರಿಯರಿನಿಂದ ಆಗದ ಕೆಲಸ ಗಟ್ಟಿಮುಟ್ಟಾದ ಈ ವಾಹನದಿಂದ ಆಯಿತು.

ಇಷ್ಟಾದರೂ 2 ಇಂಚಿನ ಮಾರ್ಟರಿನ ವಂಶದ 51 ಮಿಲಿಮೀಟರ್ ಮಾರ್ಟರ್ ಸ್ವಾತಂತ್ರ್ಯಾನಂತರವೂ ಬಹುಕಾಲ ನಮ್ಮ ಪದಾತಿಯ ಕೈಯಲ್ಲಿ ಉಳಿಯಿತು. ಯಂತ್ರ ಎಷ್ಟೇ ಸುಧಾರಿಸಿದರೂ ಕೊನೆಯ ಮಾತು ನೆಲದ್ದೇ. ಹಾದಿ ಇರುವಷ್ಟು ದೂರ ಒರಳು ಬಂಡಿಯಲ್ಲಿ ಸಾಗುತ್ತದೆ. ಅಲ್ಲಿಂದಾಚೆ ಅದು ಸೈನಿಕನ ಹೆಗಲಿಗೆ ಬರುತ್ತದೆ.