ಜಮಖಂಡಿ–ಮುಧೋಳ ಸೀಮೆಯ ನೆಲಸಿಗ ಮನೆತನಗಳು

ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಸೀಮೆಯು, ಪರಸ್ಥಳಗಳಿಂದ ಬಂದು ಇಲ್ಲಿ ಬೇರೂರಿದ ಮನೆತನಗಳಿಗೆ ಹೊಸದೆನಿಸಿದ್ದರೂ, ಸ್ವತಃ ಅತಿ ಪ್ರಾಚೀನವಾದುದು. ಮುಧೋಳದ ಅರಸರಾದ ಘೋರ್ಪಡೆಗಳ ಹೆಸರು ಇಲ್ಲಿ ಕೇಳಿಬರುವುದಕ್ಕೆ ಶತಮಾನಗಳ ಮುನ್ನವೇ, ಕ್ರಿ.ಶ. 949ರಲ್ಲಿ ಮುದುವೊಳಲಿನ (ಇಂದಿನ ಮುಧೋಳ) ಬಳೆಗಾರ ಕುಲದಲ್ಲಿ ಜನಿಸಿದ ರನ್ನನು ವಿದ್ಯೆಯನ್ನರಸಿ ಗಂಗಮಂಡಲಕ್ಕೆ ತೆರಳಿ ಮಹಾಕವಿಯಾದನು.

ಬಂದವರಲ್ಲಿ ಮುಧೋಳದ ಘೋರ್ಪಡೆಗಳು ಮೊದಲಿಗರು. ಇವರ ಪೂರ್ವಜನೊಬ್ಬನು ಬಹಮನಿ ಸುಲ್ತಾನರ ಸೇವೆಯಲ್ಲಿದ್ದಾಗ ಉಡಕ್ಕೆ (ಮರಾಠಿಯಲ್ಲಿ ‘ಘೋರ್ಪಡ’) ಹಗ್ಗ ಬಿಗಿದು ಕೋಟೆಯನ್ನೇರಿದನೆಂಬ ಐತಿಹ್ಯದಿಂದ ಮನೆತನಕ್ಕೆ ಈ ಹೆಸರು ಬಂದಿತು. ಆದಿಲಶಾಹಿಯ ಕಾಲದಲ್ಲಿ ಬಾಜಿ ಘೋರ್ಪಡೆಯು 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದುದೂ, ಅದರ ಪ್ರತೀಕಾರವಾಗಿ ಶಿವಾಜಿಯು 1664ರಲ್ಲಿ ಮುಧೋಳದ ಮೇಲೇರಿ ಬಂದುದೂ ಮರಾಠಾ ಚರಿತ್ರೆಯ ದಾರುಣ ಪ್ರಕರಣಗಳು. ಘೋರ್ಪಡೆಗಳ ಹಾಗೂ ಶಿವಾಜಿಯ ಮನೆತನಗಳೆರಡೂ ಒಂದೇ ಮೂಲದವೆಂದು ಹೇಳಿಕೊಳ್ಳುತ್ತಿದ್ದುದರಿಂದ ದಾಯಾದಿ ವೈರದ ಕಹಿಯೂ ಇದರಲ್ಲಿ ಬೆರೆತಿದ್ದಿತು.

ಜಮಖಂಡಿಯ ಪಟವರ್ಧನರ ಮೂಲಪುರುಷನಾದ ಹರಿಭಟ್ಟನು ಯೋಧನಲ್ಲ. ಕೊಂಕಣದಿಂದ ಬಂದು ಇಚಲಕರಂಜಿಯ ಅಧಿಪತಿಗಳಲ್ಲಿ ಪೌರೋಹಿತ್ಯ ವಹಿಸಿದ ವೈದಿಕನು. ಅವನ ಮಕ್ಕಳು ಪೇಶ್ವೆಗಳ ಸೇನೆಯನ್ನು ಸೇರಿದರು. ಮೊಮ್ಮಗನಾದ ಪರಶುರಾಮಭಾವು ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ, 1791ರಲ್ಲಿ, ಧಾರವಾಡವನ್ನು ವಶಪಡಿಸಿಕೊಂಡನು. 1811ರ ಸುಮಾರಿಗೆ ಮನೆತನದಲ್ಲಿ ಪಾಲುಗಳಾದಾಗ ಜಮಖಂಡಿಯು ಪ್ರತ್ಯೇಕ ಸಂಸ್ಥಾನವಾಯಿತು.

ಸನದುಗಳಲ್ಲಿಯೂ ಬಖರುಗಳೆಂಬ ಮರಾಠಿ ವೃತ್ತಾಂತಗಳಲ್ಲಿಯೂ ಹೆಸರು ಪಡೆದವರು ಈ ಅರಸು ಮನೆತನಗಳವರು. ಆದರೆ ಈ ಲೇಖಕನ ಅಭಿಪ್ರಾಯದಲ್ಲಿ, ಇಲ್ಲಿಯ ಊರುಗಳಿಗೆ ಅನ್ನ ನೀಡಿದ ನೆಲಸಿಗರು ರಬಕವಿ–ಬನಹಟ್ಟಿಯ ನೇಕಾರರೇ ಸರಿ. ಬನಹಟ್ಟಿಯು ಜಮಖಂಡಿಗೂ ರಬಕವಿಯು ಸಾಂಗಲಿಗೂ ಸೇರಿದ್ದ ಕಾರಣ ಈ ಜೋಡಿ ಊರುಗಳಿಗೆ ಇಬ್ಬರು ಅರಸರಿದ್ದರು; ಹಟಗಾರ, ಕುರುಹಿನಶೆಟ್ಟಿ, ಸ್ವಕುಳಸಾಳಿ ಮೊದಲಾದ ಸಮುದಾಯಗಳ ಕಸುಬಾದರೋ ಒಂದೇ. ಮನೆಯ ನೆಲದಲ್ಲಿ ಕುಣಿ ತೋಡಿ ಮಗ್ಗವನ್ನು ಹೂಡಿದ ನೇಕಾರನು, ಕಾಲುಗಳನ್ನು ಆ ಕುಣಿಯೊಳಗಿಳಿಸಿ ಹಲಗೆ ತುಳಿಯುತ್ತ ಲಾಳಿಯನ್ನಾಡಿಸುತ್ತಿದ್ದರೆ, ಹೆಂಗಸರೂ ಮಕ್ಕಳೂ ಕಂಡಿಕೆ ಸುತ್ತುವರು. ಇಂತಹ ಮಗ್ಗವುಳ್ಳವನಿಗೆ ಮನೆಯೇ ಕಾರ್ಯಶಾಲೆಯಾದುದರಿಂದ, ಊರು ಬಿಡುವುದೆಂದರೆ ಜೀವನೋಪಾಯವನ್ನೇ ಅಗೆದು ತೆಗೆದಂತೆ. ಇವರ ಹಿರಿಯರ ಹೆಸರುಗಳಿಗೆ ಚರಿತ್ರೆಯಲ್ಲಿ ತಕ್ಕ ಸ್ಥಾನ ದೊರೆಯದಿರುವುದು ಶೋಚನೀಯ.

ಆಳುವವರಿಗೂ ಸ್ಥಳೀಯರಿಗೂ ಸಂಬಂಧವು ಸದಾ ಸೌಹಾರ್ದದ್ದಾಗಿರಲಿಲ್ಲ: 1857ರಲ್ಲಿ ಬ್ರಿಟಿಷರು ಹೇರಿದ ನಿಶ್ಶಸ್ತ್ರೀಕರಣವನ್ನು ಪ್ರತಿಭಟಿಸಿದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರನ್ನು ಬ್ರಿಟಿಷರ ಸೈನ್ಯವು ನಿರ್ದಯವಾಗಿ ದಮನಗೊಳಿಸಿತು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ಅನಂತರ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ನೆಲೆ ಕಳೆದುಕೊಂಡ ಬೀಳಗಿ ತಾಲೂಕಿನ ಅನೇಕ ಕುಟುಂಬಗಳು, ಹೊರನಾಡಿನಿಂದ ಬಂದವರಲ್ಲದಿದ್ದರೂ, ಪುನರ್ವಸತಿ ಕೇಂದ್ರಗಳಲ್ಲಿ ಗುಡಿ, ಮನೆ, ಹೊಲಗಳನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.