ವರ್ಲಿಯಲ್ಲಿ ನಿಂತಿರುವ ಬೆಂಗಳೂರಿನ ವಿಮಾನ

ವಾಯುಸೇನೆಯ ನೆಲೆಗಳ ಹೆಬ್ಬಾಗಿಲಿನಲ್ಲಿ, ದೇವಾಲಯದ ಬಾಗಿಲಿಗೆ ಜಯವಿಜಯರು ನಿಂತ ಹಾಗೆ, ಸೇವೆಯಿಂದ ನಿವೃತ್ತವಾದ ಯುದ್ಧವಿಮಾನವೊಂದನ್ನು ಪೀಠದ ಮೇಲೆ ನಿಲ್ಲಿಸುವ ವಾಡಿಕೆಯುಂಟು. ಊರೊಳಗಿನ ಉದ್ಯಾನಗಳಿಗೂ ವಸ್ತುಸಂಗ್ರಹಾಲಯಗಳಿಗೂ ಇಂತಹ ವಿಮಾನಗಳು ಬಂದು ಸೇರಿವೆ. ಮುಂಬಯಿಯ ವರ್ಲಿಯಲ್ಲಿ ನೆಹರೂ ವಿಜ್ಞಾನ ಕೇಂದ್ರದಲ್ಲಿ ನಿಂತಿರುವುದು ಅಂತಹದೊಂದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಅದು ಬೆಂಗಳೂರಿನಲ್ಲಿ ಹುಟ್ಟಿದ್ದೆಂಬುದು ತಿಳಿದಿರಲಾರದು. ಅದರ ಹೆಸರು ಎಚ್.ಎಫ್.-24 ‘ಮರುತ್’.

ಅದರ ತವರಾದ ಕಾರ್ಖಾನೆಗೂ ಮುಂಬಯಿಗೂ ಹಳೆಯ ನಂಟು. ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದಾಗ, 1940ರ ಡಿಸೆಂಬರಿನಲ್ಲಿ, ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಇಂದಿನ ಎಚ್.ಎ.ಎಲ್. ಅದೇ.

1956ರಲ್ಲಿ ಜರ್ಮನಿಯ ಹೆಸರಾಂತ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದರು. ಅವರೊಡನೆ ನಮ್ಮ ಇಂಜಿನಿಯರುಗಳು ಕೂಡಿ ಶಬ್ದಕ್ಕಿಂತ ಎರಡರಷ್ಟು ವೇಗದ ವಿಮಾನವನ್ನು ರೂಪಿಸಲು ಹೊರಟರು. ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗದಿಂದ ಬಿಗಿದು ಹಾರಿಸಿ ನೋಡಿದರು. 1961ರ ಜೂನ್ ತಿಂಗಳಲ್ಲಿ ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನ ಆಕಾಶದಲ್ಲಿ ನಿಜವಾದ ಮರುತ್ ಅನ್ನು ಹಾರಿಸಿದರು.

ಆದರೆ ಎರಡರಷ್ಟು ವೇಗ ಕೈಗೂಡಲಿಲ್ಲ. ತಕ್ಕ ಎಂಜಿನ್ನೇ ಸಿಗಲಿಲ್ಲ. ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ ಹೆಚ್ಚು ಬಲದ ಎಂಜಿನ್ನನ್ನು ಅಲ್ಲಿನವರು ಕೈಬಿಟ್ಟರು. ಅದಕ್ಕೆ ಹಣ ತೊಡಗಿಸಲು ನಮ್ಮ ಸರ್ಕಾರವೂ ಮನಸ್ಸು ಮಾಡಲಿಲ್ಲ. ಖಾತೆಯಲ್ಲಿ ಉಳಿತಾಯವೆಂದು ಬರೆದದ್ದೆಲ್ಲ ಉಳಿತಾಯವಲ್ಲವೆಂಬುದನ್ನು ನಮ್ಮಂತಹ ಬ್ಯಾಂಕ್ ಗುಮಾಸ್ತರು ಬಲ್ಲೆವು! ಕಡೆಗೆ, ಗ್ನ್ಯಾಟ್ ಎಂಬ ಪುಟ್ಟ ವಿಮಾನಕ್ಕಿದ್ದ ಆರ್ಫಿಯಸ್ ಜಾತಿಯ ಎಂಜಿನ್ನುಗಳನ್ನೇ ಎರಡು ಜೋಡಿಸಿ ಕೆಲಸ ಸಾಗಿಸಬೇಕಾಯಿತು. ಈಜಿಪ್ಟಿನ ಎಂಜಿನ್ ಒಂದನ್ನು ಪರೀಕ್ಷಿಸುವ ಪ್ರಯತ್ನವೂ 1969ರಲ್ಲಿ ನಿಂತುಹೋಯಿತು.

ಇದರಿಂದ ಮರುತ್ ಸೋತ ವಿಮಾನವೆಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪಲಾರೆ. 1971ರ ಯುದ್ಧದಲ್ಲಿ ರಾಜಸ್ಥಾನದ ನೆಲೆಗಳಿಂದ ಹೊರಟ ಮರುತ್‌ಗಳು ಮರಳುಗಾಡಿನ ಮೇಲೆ ತಗ್ಗಿನಲ್ಲಿ ಹಾರಿ ಶತ್ರುವಿನ ಮೇಲೆರಗಿದವು. ಶತ್ರುವಿಮಾನದ ಗುಂಡಿಗೆ ಅವುಗಳಲ್ಲಿ ಒಂದೂ ಬಲಿಯಾಗಲಿಲ್ಲ. ನೆಲದ ತೋಪುಗಳ ಹೊಡೆತಕ್ಕೆ ಒಂದು ಎಂಜಿನ್ ಕೆಟ್ಟ ಮೇಲೂ ಇನ್ನೊಂದರ ಬಲದಿಂದ ಪೈಲಟನನ್ನು ಹೊತ್ತು ಹಿಂತಿರುಗಿದ ಮರುತ್‌ಗಳುಂಟು. ಒಡಲು ಗಟ್ಟಿಯಾಗಿತ್ತು, ಕೊರತೆಯಿದ್ದುದು ಉಸಿರಿನಲ್ಲಿ.

ಒಟ್ಟು 147 ಮರುತ್‌ಗಳು ತಯಾರಾದವು. 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೊರಬಂದವು. ಬೆಂಗಳೂರಿನಲ್ಲಿ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿಯೂ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ಅವನ್ನು ಕಾಣಬಹುದು. ಒಂದಂತೂ ಟ್ಯಾಂಕರ ನಾಡಾದ ಜರ್ಮನಿಗೇ ಹೋಗಿ, ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲಿ ನೆಲೆಸಿದೆ.

ಸುರಂಜನ್ ದಾಸ್ ಅವರು ಎಂಜಿನ್ನಿನ ಬಲ ಹೆಚ್ಚಿಸಿದ ಮರುತ್ ಒಂದನ್ನು ಪರೀಕ್ಷಿಸುತ್ತಿದ್ದಾಗ 1970ರ ಜನವರಿ 10ರಂದು ಬೆಂಗಳೂರಿನಲ್ಲಿಯೇ ಅಪಘಾತಕ್ಕೀಡಾಗಿ ಮಡಿದರು. ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಮದರಾಸು ರಸ್ತೆಯಿಂದ ಎಚ್.ಎ.ಎಲ್. ಕಡೆಗೆ ತಿರುಗುವ ದಾರಿಯಲ್ಲಿ ನಾವು ಓದುವ ‘ಸುರಂಜನ್ ದಾಸ್ ರಸ್ತೆ’ ಎಂಬ ಹೆಸರು ಅವರದೇ.