ಕಸಬಾ

ಶಿರಾ ಸೀಮೆಯ ಯಾವುದೇ ಹಳ್ಳಿಯ ಪಹಣಿ ತೆಗೆದು ನೋಡಿ: ಬುಕ್ಕಾಪಟ್ಟಣ, ಕಳ್ಳಂಬೆಳ್ಳ, ಹುಲಿಕುಂಟೆ, ಗೌಡಗೆರೆ ಇವೆಲ್ಲ ಹೋಬಳಿಯ ಊರಿನ ಹೆಸರುಗಳು. ಶಿರಾ ಸುತ್ತಲ ಹಳ್ಳಿಗಳಿಗೆ ಮಾತ್ರ ‘ಕಸಬಾ ಹೋಬಳಿ’. ಮಧುಗಿರಿಯಲ್ಲೂ ಕಸಬಾ, ಪಾವಗಡದಲ್ಲೂ ಕಸಬಾ. ಹೊಸಬರಿಗೆ ಅದೂ ಒಂದು ಊರೇನೋ ಅನ್ನಿಸಬಹುದು.

ಪದದ ಮೂಲ ಅರಬ್ಬಿ; ಪರ್ಷಿಯನ್ ಆಡಳಿತದ ಭಾಷೆಯ ಮೂಲಕ ನಮಗೆ ಬಂತು. ಸುತ್ತಲಿನ ಹಳ್ಳಿಗಳಿಗೆ ಸಂತೆ, ಕಚೇರಿ ಎರಡೂ ಆಗಿರುವ ದೊಡ್ಡ ಊರು ಎಂದರ್ಥ. ಅಲ್ಜೀರ್ಸ್ ನಗರದ ಹಳೆಯ ಕೋಟೆಪೇಟೆ ‘ಕಸ್ಬಾ’ ಇದೇ ಪದ. ಇಂಗ್ಲೆಂಡಿನಲ್ಲಿ ಸಂತೆ ನಡೆಸುವ ಹಕ್ಕನ್ನು ರಾಜನಿಂದ ಪಡೆದ ಪುಟ್ಟ ಪಟ್ಟಣಗಳಿದ್ದವಲ್ಲ, ಹೆಚ್ಚುಕಡಿಮೆ ಅಂಥದ್ದು.

ಶಿರಾಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ರತ್ನಗಿರಿಯ ನಾಯಕರು ಶುರುಮಾಡಿದ ಊರು ಬಿಜಾಪುರದ ಕೈಸೇರಿತು; 1687ರಲ್ಲಿ ಮೊಗಲರ ಸುಬಾಕ್ಕೆ, ಅಂದರೆ ಪ್ರಾಂತ್ಯಕ್ಕೆ, ರಾಜಧಾನಿಯಾಯಿತು. ಕೋಲಾರದವರೆಗಿನ ಪರಗಣಗಳು ಇಲ್ಲಿನ ಸುಬೇದಾರನಿಗೆ ಒಳಪಟ್ಟವು. ಸುಬಾ, ಪರಗಣ ಎರಡೂ ಅಳಿದವು. ಕಸಬಾ ಕಂದಾಯದ ಕಡತದಲ್ಲಿ ಗಟ್ಟಿಯಾಗಿ ಕೂತಿದೆ.

‘ಕಸಬು’ ಇದರ ನೆಂಟನಲ್ಲ. ಅದೂ ಅರಬ್ಬಿಯೇ, ಗಳಿಕೆ ಎಂಬರ್ಥದ ಬೇರೆ ಧಾತು. ಅರಬ್ಬಿಯಲ್ಲಿ ಎರಡಕ್ಕೂ ಬೇರೆ ಬೇರೆ ‘ಕ’, ಬೇರೆ ಬೇರೆ ‘ಸ’. ಕನ್ನಡದ ನಾಲಿಗೆ ಎರಡನ್ನೂ ಒಂದೇ ಮಾಡಿಬಿಟ್ಟಿದೆ. ಕಡತದಲ್ಲಿ ಕಸಬಾ ಇದೆ ಅಂತ ಕಂಬಳಿ ಮಾರಲು ಹೊರಟ ಯಜಮಾನರು ‘ಕಸಬಾಕ್ಕೆ ಹೋಗಿ ಬರ್ತೀನಿ’ ಅನ್ನುವುದಿಲ್ಲ. ‘ಶಿರಾಕ್ಕೆ’ ಅಂತಲೇ ಅನ್ನುತ್ತಾರೆ. ಕಸಬಾ ಏನಿದ್ದರೂ ನಾಡಕಚೇರಿಯ ಅರ್ಜಿ ತುಂಬುವಾಗ.